ಅದುರು

ಕೆಳಗ ಖಾರ ಕುಟ್ಟೋ ಗಿರಣಿ, ಮ್ಯಾಲ ನನ್ನ ಖೋಲಿ.
ಬ್ಯಾಡಗಿಯೊಳಗ ಇದಕ್ಕಿಂತ ಸೋವಿ ಬಾಡಿಗಿ ಸಿಗಲಿಲ್ಲ.
ಯಾಕಂತ ಮೊದಲ ದಿನ ಸೂಜಿ ಇಟ್ಟಾಗ ತಿಳೀತು:
ಹನ್ನೆರಡು ಒನಕಿ ಸರದಿ ಮ್ಯಾಲ ಬಿದ್ದು ಏಳ್ತಿದ್ವು,
ವಿಲಂಬಿತ ಖಯಾಲಿನ ನಡುವ
ಕರೀದ ಇನ್ನೊಬ್ಬ ತಬಲಾದಂವ ಬಂದು ಕೂತಂಗ.
ಆಮ್ಯಾಲೆ ಸೂಜಿ ಜಿಗೀತು,
ಅಂತರಾ ಬಿಟ್ಟು ತಿರುಗಿ ಸ್ಥಾಯಿಗೆ.

ಸೈಕಲ್ ಟ್ಯೂಬ್ ಕತ್ತರಿಸಿ ಹಾಸಿದೆ. ಆಗಲಿಲ್ಲ.
ಹಳೇ ಕೌದಿ, ನಾಕು ಮಡಿಕಿ. ಪೆಟ್ಟಿಗಿ ವಾಲಿತು,
ಸ್ಪೀಕರ್ ಹೊಟ್ಟಿಯೊಳಗೇ ಇರೋ ಭಾರದ ಪೆಟ್ಟಿಗಿ.
ಫರ್ಸಿ ಕಲ್ಲಿನ ಮೌಲಾಸಾಬ ನಕ್ಕ:
"ಗೋರಿಗೆ ಕಡಿದದ್ದು, ಅಳತಿ ತಪ್ಪಿ ಉಳದೈತಿ, ಒಯ್ರಿ."
ಮೂವತ್ತು ಕಿಲೋ.
ಅದರ ಅಡಿ ಟೆನಿಸ್ ಚೆಂಡು, ಎರಡನ್ನ ನಾಕು ಹೋಳು ಮಾಡಿ.
ಅದರ ಅಡಿ, ಪರಾತದಾಗ, ವರದಾ ಹೊಳಿಯ ಉಸುಕು, ಸಾಣಿಸಿದ್ದು.
ಎರಡು ಲೋಟ ನೀರಿಟ್ಟು ನೋಡಿದೆ.
ನೆಲದ ಲೋಟದಾಗ ಉಂಗುರದ ಮ್ಯಾಲ ಉಂಗುರ.
ಕಲ್ಲಿನ ಮ್ಯಾಲಿನ ಲೋಟದಾಗ
ಟ್ಯೂಬ್‌ಲೈಟು ನೆಟ್ಟಗ ಮಲಗಿತ್ತು.
ಖುಷಿ ಆತು. ಘಾಟಿಗೆ ಸೀನು ಬಂತು.
ಸೀನಿದರೂ ಸೂಜಿ ಜಿಗೀಲಿಲ್ಲ.

ಗಿರಣಿಯ ಫಕ್ಕೀರವ್ವ ಅಮಾಸಿಗೊಮ್ಮೆ ಬರ್ತಾಳ,
ಒನಕಿಗೆ ಸೂಟಿ ಇರೋ ದಿನ, ಬಾಡಿಗಿ ನೆಪ.
ಇಪ್ಪತ್ತೆಂಟು ವರ್ಷ ಅಲ್ಲೇ ನಿಂತಾಕಿ,
ಡಬ್ಬಿ ಯಾವುದು, ಕಡ್ಡಿ ಯಾವುದು, ಮೂಸಿ ಹೇಳ್ತಾಳ;
ಕಿವಿ ಮಾತ್ರ ಎರಡೂ ಕೆಳಗ ಬಿಟ್ಟು ಬಂದಾಳ.
ಮೇಜಿನ ಕಾಲಿಗೆ ಬೆನ್ನು ಕೊಟ್ಟು
ನೆಲಕ್ಕ ಕೂತು, ಅಡಕಿ ಕತ್ತರಿಸ್ತಾ ತಲಿ ಆಡಿಸ್ತಿದ್ಲು.
ಮರ್ಯಾದಿಗೆ ಅಂತ ತಿಳಿದಿದ್ದೆ ನಾನು.

ಈ ಅಮಾಸಿ ಬಂದ್ಲು, ಕೂತ್ಲು.
ರೆಕಾರ್ಡು ಒರಸಿ ಹಾಕಿದೆ.
ತಲಿ ಆಡಲಿಲ್ಲ.
ಮೇಜಿನ ಕಾಲು ಹಿಡಿದು ನೋಡಿದ್ಲು, ಗ್ವಾಡಿ ಮುಟ್ಟಿದ್ಲು,
ಸೂಲಗಿತ್ತಿ ಬಸಿರು ಮುಟ್ಟಿ ನೋಡಿದಂಗ.
"ಕೆಟ್ಟೈತೇನೋ ಮಾಸ್ತರ?"
ಗಿರಣಿ ಮೀರಿ ಒದರೋ ಅದೇ ದನಿ, ಗಿರಣಿ ಬಂದ್ ಇದ್ದರೂ.
"ಇವತ್ತ ಏನೂ ಬರವಲ್ದು."

ಗೋರಿಕಲ್ಲು ಒಬ್ಬಂವ ಎತ್ತೋದಲ್ಲ.
ಆಕಿನೂ ಒಂದು ಮೂಲಿ ಹಿಡಿದ್ಲು.
ಉಸುಕು ಚೆಲ್ಲಿತು, ಒಂದು ಹೋಳು ಚೆಂಡು
ಕುಂಟಿಕೋತ ಮಂಚದ ಕೆಳಗ ಹೋತು, ಇನ್ನೂ ಅಲ್ಲೇ ಐತಿ.
ಬರೇ ಕಟ್ಟಿಗಿ ಮ್ಯಾಲ ಪೆಟ್ಟಿಗಿ. ಸೂಜಿ ಇಟ್ಟೆ.
ಆಕಿ ಬೆನ್ನು ಆನಿಸಿದ್ಲು, ಕಣ್ಣು ಮುಚ್ಚಲಿಲ್ಲ,
ಅಡಕಿ ಚೀಲದಾಗ ಕೈ ಹಾಕಿದ್ಲು.
ಆಲಾಪ ಮುಗಿದು ತಾಳ ಹಿಡೀತು.
ಅಡಕೊತ್ತು ಟಕ್ ಅಂತು,
ಸರಿಯಾಗಿ ಸಮ್ಮಿನ ಮ್ಯಾಲ.

ನಾಳೆ ಗಿರಣಿ ಚಾಲೂ.
ಕಲ್ಲು ಮತ್ತ ಎತ್ತಿಡಬೇಕು, ಚೆಂಡು ಹುಡುಕಬೇಕು.