ಹತ್ತೊಂಬತ್ತನೆಯ ಮೆಟ್ಟಿಲು

ಇಸ್ಮೇನಿಯಾ ಇಪ್ಪತ್ತೆರಡು ವರ್ಷ ಅಂಚೆ ಹಂಚಿದವಳು.
ವಾಲ್ಪರಾಯ್ಸೊದ ಗುಡ್ಡಗಳಲ್ಲಿ ಬೀದಿಯೆಂದರೆ ಮೆಟ್ಟಿಲು;
ಯಾವುದು ಸಡಿಲ, ಯಾವುದರ ಮೇಲೆ ನಾಯಿ ಮಲಗಿರುತ್ತದೆ,
ಅವಳ ಮೊಣಕಾಲಿಗೇ ಗೊತ್ತಿತ್ತು.

ಆ ಜ್ವರ ಎಲ್ಲರ ಮನೆಗೂ ಬಂತು, ಹೋಯಿತು.
ಇವಳ ಮನೆಯಲ್ಲಿ ಮಾತ್ರ
ಚಪ್ಪಲಿ ಬಿಟ್ಟು ಹೋಯಿತು,
ಈಗ ಬಂದೆ ಅನ್ನುವವರ ಹಾಗೆ.

ಮಂಚದಿಂದ ಒಲೆಗೆ ಹದಿನಾಲ್ಕು ಹೆಜ್ಜೆ.
ತಲೆಗೆ ನೀರು ಹಾಕಿಕೊಂಡರೆ ಅಡುಗೆಯಿಲ್ಲ,
ಅಡುಗೆ ಮಾಡಿದರೆ ಮಾತಿಲ್ಲ.
ನಗುವುದಕ್ಕೂ ಖರ್ಚಿದೆ ಎಂದು
ನಾನು, ಕೆಳಗಿನ ಮನೆಯ ನೊಲ್ಬೆರ್ತೊ, ಬಾಯಿಬಡುಕ,
ತಡವಾಗಿ ಕಲಿತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ.
ಇವಳಿಗೆ ದಿನಕ್ಕೊಂದು ಅಳತೆಯ ಹಾಸಿಗೆ;
ಆ ಅಳತೆಯೂ ತಿಳಿಯುವುದು
ಚಾಚಿದ ಮರುದಿನ.

ಮೊದಲು ನಾನೂ ಎಲ್ಲರಂತೆಯೇ:
ಓಡಾಡು, ಬಿಸಿಲಿಗೆ ಬಾ, ಕೂತರೆ ತುಕ್ಕು ಹಿಡಿದೀಯ.
ಕೈಹಿಡಿದು ಒಂದು ಭಾನುವಾರ ಬಂದರಿಗೆ ಇಳಿಸಿದೆ.
ಮೀನಿನವನ ಜೊತೆ ಚೌಕಾಸಿ ಮಾಡಿದಳು,
ಕಡಲಹಕ್ಕಿಯನ್ನು ಬೈದಳು, ಹಲ್ಲು ಬಿಟ್ಟು ನಕ್ಕಳು.
ಗೆದ್ದೆ ಅಂದುಕೊಂಡೆ ನಾನು.

ಮಂಗಳವಾರ ಎಳೆದ ಪರದೆ
ಹನ್ನೊಂದು ದಿನ ತೆರೆಯಲಿಲ್ಲ.
ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ,
ಒಳಗೆ ಅವಳಿಗೆ ನನ್ನ ಚಮಚದ ಸದ್ದೂ ಸುತ್ತಿಗೆ.

ಆರೋಗ್ಯ ಕೇಂದ್ರದ ಎಡೆಲ್ಮಿರಾ ಬಂದಳು.
ಚೀಲದಲ್ಲಿ ಮಾತ್ರೆಯಿಲ್ಲ, ಅಡುಗೆಮನೆಯ ಒಂದು ಗಡಿಯಾರ.
"ಸುಸ್ತಾದ ಮೇಲಲ್ಲ, ಆಗುವ ಮೊದಲೇ ಕೂರಬೇಕು.
ಗಂಟೆ ಹೊಡೆದರೆ ಚಾಕು ಕೆಳಗಿಡು.
ಮಿಕ್ಕ ಆಲೂಗಡ್ಡೆ ನೀರಲ್ಲಿ ಕಾಯುತ್ತವೆ,
ಅವಕ್ಕೇನೂ ಅವಮಾನವಿಲ್ಲ."
"ಒಂದು ದಿನವೂ ಚೀಲದಲ್ಲಿ ಕಾಗದ ಉಳಿಸಿಕೊಂಡು
ಮನೆಗೆ ಬಂದವಳಲ್ಲ ನಾನು," ಎಂದಳು ಇಸ್ಮೇನಿಯಾ,
ಗೋಡೆಯ ಕಡೆ ತಿರುಗಿ.

ಅವಳ ಬಾಗಿಲಿಂದ ನನ್ನ ಬಾಗಿಲಿಗೆ ಹತ್ತೊಂಬತ್ತು ಮೆಟ್ಟಿಲು.
ಅಲ್ಲಿ ಅಮ್ಮನ ಕುರ್ಚಿ ತಂದಿಟ್ಟೆ, ಒಂದು ಕಾಲು ಗಿಡ್ಡ.
ವಾರದೊಳಗೆ ಒಂಬತ್ತನೆಯದರ ಮೇಲೆ ಇನ್ನೊಂದು.
ನೀಲಿ ಬಾಗಿಲ ವಿಧವೆಯದು,
ಚರಂಡಿಯ ಜಗಳದಿಂದ ನನ್ನೊಡನೆ ಮಾತು ಬಿಟ್ಟವಳು.
ಹದಿನಾಲ್ಕಕ್ಕೆ ಯಾರೋ ಬ್ರೆಡ್ಡಿನ ಪೆಟ್ಟಿಗೆ ಬೋರಲು ಹಾಕಿದರು.
ಹೇಗಿದ್ದೀಯ ಎಂದು ಯಾರೂ ಕೇಳುವುದಿಲ್ಲ ಈಗ;
ಉತ್ತರಕ್ಕೆ ಉಸಿರು ಬೇಕು.

ನಿನ್ನೆ ಇಳಿದಳು.
ಕೂತು, ಇಳಿದು, ಕೂತು.
ಕೊನೆಗೆ ನನ್ನ ಗಿಡ್ಡಗಾಲಿನ ಕುರ್ಚಿ.
ಕೆಳಗೆ ಕಡಲು, ಸರಕು ಇಳಿಸುವ ಒಂದು ಹಡಗು.
ಏಳು ನಿಮಿಷಕ್ಕೆ ಗಡಿಯಾರ ಹೊಡೆಯಿತು.
ಇನ್ನೆರಡು ನಿಮಿಷ ಕೂರು ಅನ್ನುವುದು
ನಾಲಗೆಯ ತುದಿಗೆ ಬಂದಿತ್ತು. ಕಚ್ಚಿಕೊಂಡೆ.

ಅಂಗಿಯ ಜೇಬಿನಿಂದ ಲಕೋಟೆ ತೆಗೆದಳು:
"ವಿಳಾಸ ತಪ್ಪಿ ನನ್ನಲ್ಲಿಗೆ ಬಂದಿತ್ತು. ನಿನ್ನದು."
ಹೊಸ ಅಂಚೆಯವನನ್ನು ಮೆಲ್ಲಗೆ ಒಮ್ಮೆ ಬೈದು
ಮೇಲೆ ಹತ್ತತೊಡಗಿದಳು, ಬ್ರೆಡ್ಡಿನ ಪೆಟ್ಟಿಗೆಯ ತನಕ.

ಒಡೆದು ನೋಡಿದೆ. ಕರೆಂಟ್ ಬಿಲ್ಲು,
ಎರಡು ತಿಂಗಳ ಬಾಕಿ.