ಎಂಬತ್ತೆಂಟು ಮನೆ

ಅಡಿಲೇಡಿನಿಂದ ಐನೂರು ಕಿಲೋಮೀಟರು.
ವರ್ಷಕ್ಕೆರಡು ಬಾರಿ, ಹಿಂದಿನ ಸೀಟಿನಲ್ಲಿ
ಉಪಕರಣದ ಪೆಟ್ಟಿಗೆ, ಒಂದು ಬುತ್ತಿ,
ಬ್ರೋಕನ್ ಹಿಲ್ಲಿಗೆ ಹೋಗುತ್ತೇನೆ
ಒಬ್ಬಳೇ ಒಬ್ಬಳ ಪಿಯಾನೊಗೆ ಶ್ರುತಿ ಕೂಡಿಸಲು.
ಪೆಟ್ರೋಲಿಗೂ ಗಿಟ್ಟದ ಕಸುಬು ಎನ್ನುತ್ತಾಳೆ ಹೆಂಡತಿ.
ಅವಳ ಲೆಕ್ಕ ಸರಿ.

ಐವಿ ಪೆಂಗೆಲಿ ಬಾಗಿಲು ತೆರೆದು
ಮೊದಲು ಕೊಡುವುದು ಗಾಳಿಯ ಸುದ್ದಿ:
'ಉತ್ತರದ್ದು, ವಾಲ್ಡಿಸ್, ಒಂಬತ್ತು ದಿನದಿಂದ.'
ಅಂದರೆ ಮರ ಒಣಗಿದೆ, ಸ್ವರ ಇಳಿದಿದೆ,
ಪಿಯಾನೊದ ಹೊಟ್ಟೆಯಲ್ಲಿ ನಾನಿಟ್ಟ ನೀರಿನ ಲೋಟ
ತಳದಲ್ಲಿ ಕೆಂಪು ಧೂಳು ಉಳಿಸಿಕೊಂಡು ಬತ್ತಿದೆ.

ಮುಚ್ಚಳ ತೆಗೆಯುತ್ತೇನೆ.
ಎಂಬತ್ತೆಂಟು ಮನೆಗಳ ಬೀದಿ,
ಒಂದೊಂದು ಮನೆಯ ಹಿಂದೆ ಉಣ್ಣೆ ಹೊದ್ದ ಸುತ್ತಿಗೆ.
ಜನ ಬೆರಳು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ.
ನಾನು ನೋಡುವುದು ಸುತ್ತಿಗೆಯ ಮೂತಿ:
ತಂತಿ ಕೊರೆದ ಗೆರೆ ಎಲ್ಲಿ, ಎಷ್ಟು ಆಳ.
ಯಾರ ಮನೆಗೆ ಯಾರು ಎಷ್ಟು ಸಲ ಹೋದರೆಂದು
ಉಣ್ಣೆ ಬಚ್ಚಿಡುವುದಿಲ್ಲ.

ಕಥೆ ಅವಳೇ ಹೇಳಿದ್ದು, ವರ್ಷಗಟ್ಟಲೆ, ತುಂಡು ತುಂಡಾಗಿ.
ಮುಚ್ಚಿಹೋದ ಹೋಟೆಲೊಂದರಿಂದ ಅಪ್ಪ ತಂದ ಪಿಯಾನೊ,
ಮಂದ್ರದ ತುದಿಯಲ್ಲಿ ಸಿಗರೇಟಿನ ಕಲೆ ಏಳು.
ಸೀಸದ ಗಣಿಯ ಪಾಳಿ ಮುಗಿಸಿ ಬಂದವನು
ಮೂರು ಸಲ ಕೈ ತೊಳೆದ ಮೇಲೂ
ಅದನ್ನು ಮುಟ್ಟುತ್ತಿರಲಿಲ್ಲ.
ಹದಿನಾರಕ್ಕೆ ಅಡಿಲೇಡು. ಇಪ್ಪತ್ತೊಂದಕ್ಕೆ ಹಡಗು.
ಲಂಡನ್ನು, ಲೀಡ್ಸು, ಬ್ರಿಸ್ಟಲ್ಲು, ಮತ್ತೆ ಲೀಡ್ಸು.
'ಕಛೇರಿ ಎಂದರೆ ಎರಡು ಗಂಟೆ ಬೆಳಕು.
ಉಳಿದದ್ದೆಲ್ಲ ರೈಲಿನ ವೇಳಾಪಟ್ಟಿ,
ಬಾಡಿಗೆ ಕೋಣೆಯಲ್ಲಿ ಒಣಗದ ಕಾಲುಚೀಲ,
ಊರಿಗೊಂದು ಗುರುತಿಲ್ಲದ ಪಿಯಾನೊ,
ದಿನಕ್ಕೊಬ್ಬ ಹೊಸ ಅತ್ತೆ.'

ಹದಿನೆಂಟು ವರ್ಷ.
ಆಮೇಲೆ ಬರ್ಮಿಂಗ್‌ಹ್ಯಾಮು, ಫೆಬ್ರವರಿ,
ವಿಳಂಬದ ಭಾಗದ ನಟ್ಟನಡುವೆ
ಬಲಗೈಯ ಉಂಗುರದ ಬೆರಳು
ಮುನಿಸಿಕೊಂಡ ಮಗುವಿನ ಹಾಗೆ ಅಂಗೈಯೊಳಗೆ ಮುದುಡಿತು.
ಕೈ ಕೊಡುವುದು ಎನ್ನುತ್ತಾರಲ್ಲ, ಅದೇ.
ಒಂಬತ್ತರಲ್ಲೇ ಮುಗಿಸಿದಳು.
ಯಾರಿಗೂ ಗೊತ್ತಾಗಲಿಲ್ಲ.
ಮರುದಿನದ ಪತ್ರಿಕೆ ಮೆಚ್ಚಿ ಬರೆಯಿತು:
'ಅಪೂರ್ವ ಸಂಯಮ.'
ಆ ತುಣುಕು ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ,
ಗ್ಯಾಸಿನವನ ನಂಬರಿನ ಪಕ್ಕ.

ವೈದ್ಯರು ಹನ್ನೊಂದು ಮಂದಿ.
ಒಬ್ಬ ಬೆರಳಿಗೆ ಕಡ್ಡಿ ಕಟ್ಟಿದ, ಒಬ್ಬ ಕರೆಂಟು ಕೊಟ್ಟ,
ಒಬ್ಬ, ಮದುವೆಯಾಗಿ ನೋಡಿ, ಎಂದ.

'ಈಗ ನುಡಿಸುವುದಿಲ್ಲ' ಎನ್ನುತ್ತಾಳೆ.
'ಸಾಮಾನು ಕೆಡಬಾರದೆಂದು ನಿನ್ನನ್ನು ಕರೆಸುತ್ತೇನೆ, ಅಷ್ಟೆ.'
ಆದರೆ ಅಡುಗೆಮನೆಯಿಂದಲೇ ಕೂಗುತ್ತಾಳೆ,
'ಅಲ್ಲಿ ಇನ್ನೂ ಕೂದಲೆಳೆಯಷ್ಟು ಕಮ್ಮಿ!'
ಸುತ್ತಿಗೆಗಳ ಮಾತೂ ಬೇರೆಯೇ.
ಎಡಗಡೆ ಬೀದಿ ತುಂಬ ಓಡಾಟ,
ಎಡಗೈ ಒಂದೇ ಇಡೀ ಸಂಸಾರ ತೂಗಿಸುತ್ತಿದೆ.
ಬಲಗಡೆ ಬಿಕೋ ಎನ್ನುತ್ತದೆ. ಉಣ್ಣೆ ಹೊಚ್ಚ ಹೊಸದು,
ಬೀಗ ಹಾಕಿದ ಮನೆಗಳ ಸಾಲು.

ಈ ಸಲ ಮಾತ್ರ, ಅರವತ್ತೆಂಟನೆಯ ಮನೆ.
ಹೋದ ಸಲ ನಾನೇ ಉಜ್ಜಿ ನುಣುಪು ಮಾಡಿದ್ದ ಸುತ್ತಿಗೆ,
ಮೂರು ತಂತಿಗೆ ಮೂರು ಗೆರೆ, ಸ್ಪಷ್ಟ.
ಅಕ್ಕಪಕ್ಕದ ಮನೆಯವರಿಗೆ ಎಚ್ಚರವೇ ಇಲ್ಲ.
ಒಂದೇ ಒಂದು ಬೆರಳು, ದಿನಾ, ಎಷ್ಟು ಸಲವೋ,
ಬಂದು ಕದ ತಟ್ಟಿ
ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

'ಇದನ್ನು ಯಾರು...?'
'ಬೆಕ್ಕು' ಎಂದಳು, ಕಿಟಕಿಯ ಕಡೆ ತಿರುಗಿ.
ಆ ಮನೆಯಲ್ಲಿ ಬೆಕ್ಕಿಲ್ಲ.

ಆ ಮೂರು ತಂತಿಗೆ ಮುಕ್ಕಾಲು ಗಂಟೆ ಹಿಡಿಯಿತು.
ಹಿಡಿಯಬೇಕಾಗಿರಲಿಲ್ಲ.
ಲೋಟ ತುಂಬಿಸಿ ಒಳಗಿಟ್ಟೆ, ರಸೀದಿ ಬರೆದೆ.
'ಬೆಕ್ಕಿಗೆ ಹೇಳಿ' ಅಂದೆ, ಹೊರಡುವಾಗ,
'ಆ ಬಾಗಿಲು ಸ್ವಲ್ಪ ಹಗುರ ಮಾಡಿದ್ದೇನೆ.'
ಅವಳು ರಸೀದಿ ಓದುತ್ತಿದ್ದಳು,
ಕನ್ನಡಕ ಮೇಜಿನ ಮೇಲಿತ್ತು.