ಬಳುವಳಿ

ಅಕ್ಕ ಪ್ರತಿ ಸೋಮವಾರ ಫೋನ್ ಮಾಡತಾಳ.
ನನ್ನ ಸುದ್ದಿ ಕೇಳೂದಿಲ್ಲ, ಕೇಳೂದು ಒಂದಽ:
'ನನ್ನ ಮಗಳು ಹ್ಯಾಂಗದಾಳೋ ನಿನ್ನ ಮನ್ಯಾಗ?'

ಎಡಗಡೆಯ ಮೂತ್ರಪಿಂಡ. ಹನ್ನೊಂದು ತಿಂಗಳಾತು
ಬೆಳಗಾವಿ ದವಾಖಾನಿಯೊಳಗ ಆಕೀನ್ನ ಮನಿ ತುಂಬಿಸಿಕೊಂಡು.
ಇಲ್ಲೆ ಬಲಕ್ಕ, ಹೊಟ್ಟಿ ಕೆಳಗ,
ಮುಟ್ಟಿದರ ಕೈಗೆ ಸಿಗತಾಳ, ಒಂದು ಮುಷ್ಟಿ.

ಹೊಸ ಸೊಸೀನ್ನ ಮನೀ ಮಂದಿ ಬಡೀಬಾರದಂತ
ಮುಂಜಾನೆ ಎಂಟಕ್ಕ, ರಾತ್ರಿ ಎಂಟಕ್ಕ ಗುಳಿಗಿ.
ನನ್ನ ರಕ್ತದ ಕಾವಲುಗಾರರು
ಕೋಲು ಕೆಳಗಿಟ್ಟು ತೂಕಡಿಸತಾರ.
ತೂಕಡಿಸಿದ ಮನಿಯೊಳಗ ಯಾರು ಓಡಾಡತಾರ, ಅದನ್ನ ನೋಡಲಿಕ್ಕೆ
ತಿಂಗಳಿಗೊಮ್ಮೆ ಇಳಕಲ್ಲಿಂದ ಬಾಗಲಕೋಟಿ ಬಸ್ಸು,
ಕಿಟಕಿ ಸೀಟು, ಮಾಸ್ಕು,
ಕುದಿಸಿ ಆರಿಸಿದ ನೀರಿನ ಬಾಟಲಿ.

ಲ್ಯಾಬಿನ ನಜಮಾ ಬಾಗವಾನ ನರ ಹುಡುಕೂದರಾಗ ಜಾಣಿ.
ಇಷ್ಟು ರಕ್ತದಾಗ ಅಷ್ಟು ಸಣ್ಣದು ಹ್ಯಾಂಗ ಸಿಗತೈತಿ ತಂಗಿ, ಅಂದೆ.
ಒಂದು ಎಳಿ ಸಿಕ್ಕರ ಸಾಕಣ್ಣಾ,
ಮಷೀನು ಅದನ್ನ ಎರಡು ಮಾಡತೈತಿ,
ಎರಡನ್ನ ನಾಕು, ನಾಕನ್ನ ಎಂಟು,
ಕಾಸತೈತಿ, ಆರಸತೈತಿ, ನಲವತ್ತು ಸಲ.
ಇದ್ದರ ಹೊಳಿತೈತಿ. ಇಲ್ಲಂದರ ಕತ್ತಲಿ.

ನನಗ ತಿಳೀತು.
ಹಾಸಿನ ಸಾವಿರಾರು ಎಳಿಯೊಳಗ ಒಂದು ಹರದರ
ಮೊದಲ ಕಣ್ಣಿಗೆ ಕಾಣೂದಿಲ್ಲ,
ಲಾಳಿಯ ಸಪ್ಪಳ ಬ್ಯಾರೆ ಆಗತೈತಿ.

ಜ್ವರ ಇರಲಿಲ್ಲ. ಮೂತ್ರ ತಿಳಿ ಇತ್ತು.
ಕ್ರಿಯಾಟಿನಿನ್ ಮೊದಲಿನಷ್ಟಽ.
ಬುಧವಾರ ಕಾಗದ ಬಂತು: ಹನ್ನೆರಡು ಸಾವಿರದ ನಾಕುನೂರು,
ಒಂದು ಮಿಲಿಗೆ.

ಡಾಕ್ಟರ್ ಹಂಚಿನಾಳರು ಆ ಕಾಗದದ ಬೆನ್ನಿಗೆ ಚಿತ್ರ ಬರದರು.
ಬಿಕೆ ಅಂತ ಅದರ ಹೆಸರು, ಎರಡಽ ಅಕ್ಷರ.
'ಹೊಸದೇನಲ್ಲ. ಸಣ್ಣವರಿದ್ದಾಗ ನೆಗಡಿ ಹಂಗ ಬಂದು
ಮೂತ್ರಪಿಂಡದಾಗ ಗಪ್ಪನ ಮಲಗಿರತೈತಿ, ಭಾಳ ಮಂದಿಯೊಳಗ.
ಕಾವಲು ಸಡ್ಲಾದರ ಏಳತೈತಿ.'

ಯಾರ ಮೂತ್ರಪಿಂಡದಾಗ, ಅಂದೆ.

ಪೆನ್ನು ನಿಂತಿತು.
'ನಿಮ್ಮದರಾಗಿನದೂ ಇರಬಹುದು. ಬಂದದ್ದರ ಜೋಡಿನೂ ಬಂದಿರಬಹುದು.
ಭಾಳ ಸಲ ಹಂಗಽ.'

ಬಳುವಳಿ.
ಅಂದರ, ಅಕ್ಕಗ ನಾಕು ವರ್ಷ ಇದ್ದಾಗ,
ಅವ್ವ ಕಂಡಿಕಿ ಸುತ್ತೂ ಮುಂದ,
ಒಂದೆರಡು ಸೀನು, ಒಂದು ರಾತ್ರಿ ಕೆಮ್ಮು, ಅಜವಾನದ ಹೊಗಿ,
ಯಾರೂ ನೆನಪಿಡದ ಆ ದಿನ
ನಲವತ್ತಾರು ವರ್ಷ ಆಕಿಯೊಳಗ ಮಡಿಚಿಟ್ಟ ಸೀರಿ ಹಂಗ ಇದ್ದು
ನನ್ನ ಮನಿಗೆ ಬಂದು ಕಣ್ಣು ಬಿಟ್ಟೈತಿ.

ಇದಕ್ಕ ಇಂಥದ್ದಂತ ಔಷಧಿಲ್ಲ. ಗುಳಿಗಿ ಇಳಿಸಬೇಕು.
ಕಾವಲುಗಾರರು ಅರ್ಧ ಎಚ್ಚರಾಗಬೇಕು,
ಕಳ್ಳನ್ನ ಹಿಡೀಬೇಕು, ಸೊಸಿಗೆ ಕೈ ಹಚ್ಚಬಾರದು.
ಅಷ್ಟು ನಾಜೂಕು ನಾ ಕಂಡದ್ದು ಕೊಂಡಿ ಕೆಲಸದಾಗ.
ಒಡಲಿನ ಹಾಸಿಗೆ ಸೆರಗಿನ ಹಾಸು,
ಎಳಿಗೆ ಎಳಿ ಸಿಗಿಸಬೇಕು.
ಬಿಗಿಯಾದರ ಹರೀತೈತಿ, ಸಡ್ಲಾದರ ಜಾರತೈತಿ.
ಉಸಿರು ಹಿಡಿದು ಮಾಡೂ ಕೆಲಸ.
ರಾತ್ರಿ ಎಂಟರ ಗುಳಿಗಿ ಅರ್ಧ ಮುರದೆ.
ಉಳಿದರ್ಧ ಡಬ್ಬಿಯೊಳಗ ಹಾಕಿ ಬಾಳೊತ್ತು ನೋಡಿದೆ.

ಸೋಮವಾರ ಫೋನ್ ಬಂತು.
ಹೇಳಿದರ ತನ್ನ ಮ್ಯಾಲೆ ತಾನಽ ಗೂಬಿ ಕೂಡಿಸಿಕೋತಾಳ.
'ಆರಾಮದಾಳ' ಅಂದೆ.
'ಸುಳ್ಳು ಹೇಳಬ್ಯಾಡ. ನಿನ್ನ ದನಿ ಬ್ಯಾರೆ ಆಗೈತಿ.'

ನಲವತ್ತು ಸಲ ಕಾಸೂದು ಬೇಕಾಗಲಿಲ್ಲ ಆಕಿಗೆ.

ಗುಳಿಗಿ ಇಳಿಸ್ಯಾರ, ಹದಿನೈದು ದಿನಕ್ಕ ಮತ್ತ ರಕ್ತ ಕೊಡಬೇಕು,
ಇಷ್ಟು ಹೇಳಿದೆ. ಅಷ್ಟಕ್ಕ ನಿಂತೆ.
ಅತ್ತ ಕಡೆ ಕುಕ್ಕರ್ ಕೂಗಿತು.

'ತವರಿಂದ ಆಕಿಗೆ ಏನರ ಕಳಸಲೇನೋ?'

ಏನೂ ಬ್ಯಾಡಕ್ಕ, ಅಂದೆ.
ಎಲ್ಲಾ ತಂದಾಳ.